ಗಾಣಿಗರ ಸೊಸೆಯ ಜಡೆ

"ಗುರುಗಳೇ, ಉದುರುವ ಕೂದಲಿಗೆ ಮದ್ದಿದೆಯೇ?" ಎಂದು ಶಿಷ್ಯ ಕೇಳಿದ.

ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು. ಜೀವ, ಮಾಯೆ, ಮುಕ್ತಿ ಎಂದು ಮಾತು ನಡೆಯುವ ಮಠದ ಜಗಲಿಯಲ್ಲಿ ಇದೆಂಥ ಪ್ರಶ್ನೆ! ಆದರೆ ಕೇಳಿದವನು ನಗಲಿಲ್ಲ. ಅವನು ಊರೂರು ತಿರುಗಿ ಕಥೆ ಮಾಡುವವನು. ಭುಜದ ಮೇಲಿನ ಕೂದಲನ್ನು ಅವನು ಒಮ್ಮೆ ಕೊಡವಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಬೇಸಿಗೆಯಲ್ಲಿ ಅವನಿಗೆ ದೊಡ್ಡ ಜ್ವರ ಬಂದು ಹೋಗಿತ್ತು. ಈಗ ಮಳೆ ಹಿಡಿದಿತ್ತು, ಬಾಚಿದಲ್ಲೆಲ್ಲ ಕೂದಲು ಬರುತ್ತಿತ್ತು. ಮಠದ ಬಾವಿಯ ನೀರನ್ನು ಬೈದ, ಎಣ್ಣೆ ಬದಲಿಸಿದ, ಸೀಗೆ ಬದಲಿಸಿದ. ಏನು ಮಾಡಿದರೂ ನಿಲ್ಲಲಿಲ್ಲ.

ಗುರುಗಳೂ ನಗಲಿಲ್ಲ. "ಕೂತುಕೋ, ಹೇಳುತ್ತೇನೆ" ಎಂದು ಕಥೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ತಲೆಗೆ ಹಚ್ಚುವ ಎಣ್ಣೆ ತೆಗೆದು ಮಾರುವುದು ಅವನ ಮನೆತನದ ಕಸುಬು. ಸಂತೆಯಲ್ಲಿ ಉಳಿದವರ ಹಾಗೆ ಅವರು ಕೂಗಿ ಮಾರುತ್ತಿರಲಿಲ್ಲ. ಅತ್ತೆ ಎಣ್ಣೆ ಅಳೆಯುತ್ತಿದ್ದಳು. ಸೊಸೆ ಪಕ್ಕದಲ್ಲಿ ಜಡೆಯನ್ನು ಮುಂದಕ್ಕೆ ಬಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ನೋಡಿದವರು ಕೊಳ್ಳುತ್ತಿದ್ದರು. ಹಾಗಾಗಿ ಆ ಮನೆಗೆ ಹೆಣ್ಣು ತರುವಾಗ ಮುಖಕ್ಕಿಂತ ಮೊದಲು ಬೆನ್ನು ನೋಡುತ್ತಿದ್ದರು.

ಸಣ್ಣತಾಯಮ್ಮ ಆ ಮನೆಗೆ ಬಂದದ್ದೂ ಹಾಗೆಯೇ. ಅವಳ ಜಡೆ ಮೊಣಕಾಲು ಮುಟ್ಟುತ್ತಿತ್ತು. ಸಂತೆಯ ದಾರಿಯಲ್ಲಿ ಅವಳು ಹಿಂದೆ ತಿರುಗಿ ನೋಡಿದವಳಲ್ಲ. ಹಿಂದಿನವರು ಏನು ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

ಅವಳು ಬಸುರಿಯಾದಳು. ಆಗ ಕೂದಲು ಎಂದಿಗಿಂತ ದಟ್ಟವಾಯಿತು. ಅತ್ತೆ ಕಂಡಕಂಡವರಿಗೆ, "ನಮ್ಮನೆ ಎಣ್ಣೆ ಅಂದ್ರೆ ಏನಂದ್ಕೊಂಡ್ರಿ!" ಎಂದಳು. ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತನ ಮುಗಿದು ಮಗು ಮುಖ ನೋಡಿ ನಗುವ ಹೊತ್ತಿಗೆ ಸಣ್ಣತಾಯಮ್ಮನ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು.

ಮಗು ತಾಯಿಯ ಮುಖ ನೋಡಿ ನಕ್ಕರೆ ತಾಯಿಯ ಕೂದಲು ಹೋಗುತ್ತದೆ ಎಂದು ಆ ಸೀಮೆಯಲ್ಲಿ ಒಂದು ನಂಬಿಕೆ. ಬೇರೆ ಮನೆಗಳಲ್ಲಿ ಅದು ನಗೆಮಾತು. ಈ ಮನೆಯಲ್ಲಿ ಅನ್ನದ ಮಾತು. ಮಗು ತಾಯಿಯ ಕಡೆ ನೋಡಿ ಬಾಯಿ ಅರಳಿಸಿದರೆ ಸಾಕು, ಅತ್ತೆ ಓಡಿ ಬಂದು ಅದರ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ಸಣ್ಣತಾಯಮ್ಮ ಮಗಳ ನಗುವನ್ನು ಕಿವಿಯಲ್ಲಿ ಮಾತ್ರ ಕೇಳುತ್ತಿದ್ದಳು.

ಗಾಣಿಗ ತನ್ನ ದಾರಿ ಹಿಡಿದ. ಗಾಣಿಗನಿಗೆ ಮದ್ದು ಎಂದರೆ ಎಣ್ಣೆಯೇ. ಗರುಗದ ಸೊಪ್ಪು ಅರೆದು ಕಾಯಿಸಿದ. ಅದಕ್ಕೆ ಬಗ್ಗದಿದ್ದಾಗ ನೆಲ್ಲಿಕಾಯಿ ಹಾಕಿದ, ದಾಸವಾಳ ಹಾಕಿದ. ಹೆಂಡತಿಯನ್ನು ಕೂರಿಸಿಕೊಂಡು ನೆತ್ತಿ ಬಿಸಿಯಾಗುವ ತನಕ ತಿಕ್ಕಿದ. ತಿಕ್ಕಿದಷ್ಟೂ ಕೈಗೆ ಬಂತು. ಅತ್ತೆ ಒಂದು ಕೂದಲನ್ನು ಬೆಳಕಿಗೆ ಹಿಡಿದು ತುದಿಯ ಬಿಳಿ ಗುಂಡು ತೋರಿಸಿ, "ಬೇರು ಸಮೇತ ಬಂದದೆ ಕಣೋ. ಇನ್ನು ಹುಟ್ಟಾಕಿಲ್ಲ" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು.

ಸಂತೆಯ ದಿನ ಬಂತು. ಅತ್ತೆ ಎಲ್ಲಿಂದಲೋ ಒಂದು ಚೌರಿ ತಂದಳು. ಉಳಿದಿದ್ದ ನಾಲ್ಕು ಎಳೆಗೆ ಅದನ್ನು ಸೇರಿಸಿ, ಬಿಗಿದು ಹೆಣೆದು, ಸೊಸೆಯನ್ನು ಸಂತೆಯಲ್ಲಿ ಕೂರಿಸಿದಳು. ಜಡೆ ಮತ್ತೆ ಮೊಣಕಾಲು ಮುಟ್ಟಿತು. ಎಣ್ಣೆ ಎಂದಿನಂತೆ ಹೋಯಿತು. ಸಣ್ಣತಾಯಮ್ಮನ ನೆತ್ತಿ ಎಳೆಯುತ್ತಿತ್ತು. ಅವಳು ತಲೆ ಎತ್ತಲಿಲ್ಲ.

ಆ ಮನೆಗೆ ಒಬ್ಬ ಪಂಡಿತ ಔಷಧಿಗೆಂದು ಎಳ್ಳೆಣ್ಣೆ ಒಯ್ಯಲು ಬರುತ್ತಿದ್ದ. ಅವನ ಮುಂದೆ ಅತ್ತೆ ಉದುರಿದ ಕೂದಲ ಉಂಡೆಯನ್ನು ಬಿಚ್ಚಿಟ್ಟಳು. ಪಂಡಿತ ಸೊಸೆಯ ತಲೆ ನೋಡಿದ. ಬಿಲ್ಲೆಬಿಲ್ಲೆಯಾಗಿ ಹೋಗಿಲ್ಲ, ನೆತ್ತಿಯೊಂದೇ ಬರಿದಾಗಿಲ್ಲ, ಎಲ್ಲ ಕಡೆಯೂ ಸಮನಾಗಿ ತೆಳುವಾಗಿದೆ.

"ಹೆರಿಗೆಯಾಗಿ ಎಷ್ಟು ಕಾಲವಾಯಿತು?" ಎಂದು ಕೇಳಿ ತಿಳಿದುಕೊಂಡು ಹೇಳಿದ: "ದಿನವೂ ಒಂದಿಷ್ಟು ಕೂದಲು ಹಣ್ಣಾಗಿ ಬೀಳಬೇಕು. ಬಸುರಿನಲ್ಲಿ ಅದು ಬೀಳಲಿಲ್ಲ, ನಿಂತಿತು. ನೀವು ಎಣ್ಣೆಯ ಗುಣ ಎಂದುಕೊಂಡಿರಿ. ನಿಂತದ್ದೆಲ್ಲ ಈಗ ಒಟ್ಟಿಗೆ ಬೀಳುತ್ತಿದೆ. ದೊಡ್ಡ ಜ್ವರ ಬಂದು ಹೋದವರಿಗೂ ಹೀಗೇ ಆಗುತ್ತದೆ. ಮೈಗೆ ಪೆಟ್ಟು ಬೀಳುವುದು ಒಂದು ಕಾಲ, ಕೂದಲು ಬೀಳುವುದು ಇನ್ನೊಂದು ಕಾಲ. ನಡುವೆ ತಿಂಗಳುಗಳು ಕಳೆಯುವುದರಿಂದ ಜನ ಕಾರಣವನ್ನು ಮರೆತು, ಕೈಗೆ ಸಿಕ್ಕಿದ್ದನ್ನು ದೂರುತ್ತಾರೆ. ಆ ಬಿಳಿ ಗುಂಡು ಬೇರಲ್ಲ, ಹಣ್ಣೆಲೆಯ ತೊಟ್ಟಿನ ಹಾಗೆ. ಬೇರು ಒಳಗೇ ಇದೆ."

"ಮದ್ದು?" ಎಂದ ಗಾಣಿಗ.

"ಬರೀ ಅನ್ನ, ಮೆಣಸಿನ ಸಾರಿನ ಪಥ್ಯ ಬಿಡಿಸು. ಸೊಪ್ಪು, ಕಾಳು, ಹಾಲು ಕೊಡು. ತಲೆ ತಿಕ್ಕುವುದನ್ನು ನಿಲ್ಲಿಸು. ಆ ಚೌರಿಯನ್ನು ತೆಗೆ, ಅದರ ಭಾರಕ್ಕೆ ಇರುವುದೂ ಹೋಗುತ್ತದೆ. ಆಮೇಲೆ ಕಾಯಿ. ವರ್ಷ ಕಳೆದರೂ ತಲೆ ತುಂಬದಿದ್ದರೆ ನನಗೆ ಹೇಳಿ ಕಳಿಸು, ಬೇರೆ ಕಾರಣ ಹುಡುಕೋಣ."

ಪಥ್ಯ ಬಿಟ್ಟರು, ತಿಕ್ಕುವುದನ್ನೂ ಬಿಟ್ಟರು. ಚೌರಿ ಬಿಡಲು ಅತ್ತೆ ಒಪ್ಪಲಿಲ್ಲ. "ಪಂಡಿತ್ರಿಗೇನು, ಅವರು ಎಣ್ಣೆ ಮಾರ್ತಾರಾ?" ಎಂದಳು.

ಮುಂದಿನ ಸಂತೆಗೆ ಒಬ್ಬಳು ಬಾಣಂತಿ ಬಂದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬಿಗಿದು ಎಳೆದ ಸೆರಗು. ಸಣ್ಣತಾಯಮ್ಮನ ಜಡೆಯನ್ನು ನೋಡುತ್ತ ನಿಂತವಳು ಮೆಲ್ಲಗೆ ಕೇಳಿದಳು: "ಅಕ್ಕಾ, ನಾನೂ ನಿಮ್ಮನೆ ಎಣ್ಣೆನೇ ಹಚ್ತೀನಿ. ನೀನೂ ಹೆತ್ತಿದೀಯ, ನಾನೂ ಹೆತ್ತಿದೀನಿ. ನಿನ್ನದು ಹಿಂಗದೆ, ನನ್ನದು ಹಿಂಗಾಯ್ತು. ನನ್ನಲ್ಲೇ ಏನೋ ಐಬು ಅಂತ ಮನೇಲಿ ಆಡ್ಕೋತಾರೆ."

ಸಣ್ಣತಾಯಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಕಣ್ಣಲ್ಲೇ ಬೇಡ ಎಂದಳು. ಸಣ್ಣತಾಯಮ್ಮ ಜಡೆಗೆ ಕೈ ಹಾಕಿ ಚೌರಿಯನ್ನು ಬಿಚ್ಚಿ, ಎಣ್ಣೆ ಡಬ್ಬದ ಮೇಲೆ ಇಟ್ಟಳು. ಸಂತೆಯ ಬಿಸಿಲು ಅವಳ ನೆತ್ತಿಯ ಮೇಲೆ ಬಿತ್ತು.

"ನೋಡಕ್ಕ, ನನ್ನದೂ ಹೋಗ್ಯದೆ. ನಿನ್ನಲ್ಲಿ ಐಬಿಲ್ಲ. ಇದು ಹೆತ್ತ ತಲೆ" ಎಂದಳು.

ಬಾಣಂತಿ ಸೆರಗು ಸಡಿಲಿಸಿದಳು. ಅತ್ತೆ ಹಣೆ ಚಚ್ಚಿಕೊಂಡಳು. ಪಕ್ಕದ ಬೆಲ್ಲದವನು ಕೈಯಲ್ಲಿದ್ದ ತಕ್ಕಡಿ ಬಿಟ್ಟು ಬಂದು, "ಏನವ್ವ, ನಿನ್ನ ತಲೆಗೇ ಹತ್ತದ ಎಣ್ಣೆ ನಮ್ಮ ತಲೆಗೆ ಹತ್ತೀತಾ?" ಎಂದು ಅಣಕಿಸಿದ.

"ನಿನ್ನ ಬೋಳುತಲೆ ನಿಮ್ಮಪ್ಪ ಕೊಟ್ಟಿದ್ದು ಅಣ್ಣ, ಅದಕ್ಕೆ ಯಾರ ಎಣ್ಣೇನೂ ಹತ್ತಾಕಿಲ್ಲ. ನನ್ನದು ನನ್ನ ಮಗಳು ಬಂದಾಗ ಹೋಗಿದ್ದು, ತಾನೇ ಬರ್ತದೆ. ನಡುವೆ ಎಣ್ಣೆ ಯಾಕೆ ಬೈತೀಯ?" ಎಂದಳು ಸಣ್ಣತಾಯಮ್ಮ. ಸಂತೆ ಗೊಳ್ಳೆಂದಿತು. ಬೆಲ್ಲದವನೂ ತಲೆ ಸವರಿಕೊಂಡು ನಕ್ಕ.

ನಕ್ಕವರು ಕೊಳ್ಳಲಿಲ್ಲ. ಆ ದಿನ ಡಬ್ಬ ತುಂಬಿಕೊಂಡೇ ಮನೆಗೆ ಬಂತು. ಸಣ್ಣತಾಯಮ್ಮ ಮಾತ್ರ ಎದೆ ಎತ್ತಿ ನಡೆದಳು. ಮನೆಗೆ ಬಂದವಳೇ ಮಗುವನ್ನು ತನ್ನ ಕಡೆ ತಿರುಗಿಸಿಕೊಂಡು, ಅದು ನಗುವುದನ್ನು ಕಣ್ತುಂಬ ನೋಡಿದಳು. ಅತ್ತೆ ಬಾಗಿಲವರೆಗೆ ಬಂದು, ನೋಡಿ, ಒಳಗೆ ಹೋದಳು.

ಹಲವು ಸಂತೆಗಳು ಹಾಗೇ ಬಡವಾಗಿ ಹೋದವು. ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ಎದ್ದು ನಿಂತಿತು, ಬಾಚಿದರೂ ಕೂರದ ಮೊಂಡು ಕೂದಲು. ಮಗು ನಡೆಯುವ ಹೊತ್ತಿಗೆ ತಲೆ ತುಂಬಿತು. ಗಾಣಿಗನಿಗೆ ಹೋದ ಜೀವ ಬಂದಂತಾಯಿತು.

"ತಮಟೆಯವನಿಗೆ ಹೇಳಿ ಬತ್ತೀನಿ. ಗಾಣಿಗರ ಹೊಸ ಎಣ್ಣೆ, ಉದುರಿದ ತಲೆ ತುಂಬಿಸ್ತದೆ ಅಂತ ಸಾರಿಸ್ತೀನಿ. ನಿನ್ನ ತಲೆನೇ ಸಾಕ್ಷಿ" ಎಂದ.

"ನನ್ನ ತಲೆ ಸುಳ್ಳುಸಾಕ್ಷಿ ಹೇಳಾಕಿಲ್ಲ" ಎಂದಳು ಸಣ್ಣತಾಯಮ್ಮ. "ಉದುರಿದಾಗ ಎಣ್ಣೆ ತಪ್ಪಲ್ಲ ಅಂತ ಸಂತೇಲಿ ಎದೆ ತಟ್ಟಿ ಹೇಳಿದೀನಿ. ಬೆಳೆದಾಗ ಎಣ್ಣೇದೇ ಗುಣ ಅಂದ್ರೆ, ಆವತ್ತಿನ ಮಾತು ಏನಾಗ್ತದೆ?"

"ಹಂಗಾದ್ರೆ ಏನಂತ ಮಾರ್ಲಿ?"

"ಎಳ್ಳೆಣ್ಣೆ ಅಂತ ಮಾರು. ಸಿಕ್ಕು ಬಿಡಿಸ್ತದೆ, ತಲೆ ತಂಪು ಮಾಡ್ತದೆ. ನಮ್ಮ ಗಾಣಕ್ಕೆ ಅಷ್ಟು ಹೆಸರು ಸಾಲದಾ?"

ಗಾಣಿಗ ಏನೋ ಹೇಳಲು ಹೋದ. ಒಳಗಿನಿಂದ ಅತ್ತೆಯ ದನಿ ಬಂತು: "ಅವಳು ಹೇಳಿದಂಗೆ ಮಾರೋ. ಆವತ್ತು ಸಂತೇಲಿ ದಿಟ ಆಡಾಕೆ ನನ್ನ ಕೈಲಂತೂ ಆಗ್ಲಿಲ್ಲ."

ಅಂದಿನಿಂದ ಸಣ್ಣತಾಯಮ್ಮ ಭುಜದವರೆಗಿನ ಗಿಡ್ಡ ಜಡೆ ಹಾಕಿಕೊಂಡು ಸಂತೆಯಲ್ಲಿ ಕೂತಳು. ಜಡೆಯ ಉದ್ದ ನೋಡಿ ಕೊಳ್ಳುವವರು ಬೇರೆ ಅಂಗಡಿಗೆ ಹೋದರು. ಮಾತು ಕೇಳಿ ಕೊಳ್ಳುವವರು ಅವಳ ಮುಂದೆ ಸಾಲು ನಿಂತರು.

ಗುರುಗಳು ಕಥೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಜ್ವರ ಬಂದ ಕಾಲವನ್ನೂ ಕೂದಲು ಉದುರುತ್ತಿರುವ ಕಾಲವನ್ನೂ ಅವನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ.

"ತಿಳಿಯಿತು ಗುರುಗಳೇ. ಚೆನ್ನಾಗಿ ಉಂಡು ಕಾಯುತ್ತೇನೆ. ಎಂಥ ಹೆಣ್ಣುಮಗಳು! ತಾನಾಗಿ ಆದದ್ದನ್ನು ತಮ್ಮ ಮಹಿಮೆ ಎಂದು ಸಾರುವವರಿಗೆ ಅವಳ ಕಥೆಯನ್ನು ಊರೂರಿನಲ್ಲಿ ಹೇಳುತ್ತೇನೆ" ಎಂದ.

"ಹೇಳು, ಆದರೆ ಅದಕ್ಕೆ ಮೊದಲು, ನಿನ್ನ ಜ್ವರ ಬಿಟ್ಟದ್ದು ನನ್ನ ವಿಭೂತಿಯಿಂದ ಎಂದು ಊರೂರಿನಲ್ಲಿ ಹೇಳುವುದನ್ನು ಬಿಡು" ಎಂದರು ಗುರುಗಳು.