ಉಸ್ತಾದರ ಹಿಂದಿನ ಜಾಗ

ನದಿ ಕಡಲು ಸೇರುವ ಕಡೆ, ಸುತ್ತ ನೀರಿರುವ ಒಂದು ತುಂಡು ನೆಲ ಇತ್ತು. ಅಂಥದ್ದಕ್ಕೆ ನಮ್ಮ ಕಡೆ ಕುದ್ರು ಅನ್ನುತ್ತಾರೆ. ಇತ್ತು ಅಂದೆ, ಈಗ ಇದೆಯೋ ಇಲ್ಲವೋ ನನ್ನನ್ನು ಕೇಳಬೇಡಿ. ಮಂಜು ಬಿದ್ದ ದಿನ ಆಚೆ ದಡದಿಂದ ನೋಡಿದರೆ ಆಗಲೂ ಕಾಣುತ್ತಿರಲಿಲ್ಲ.

ಅಲ್ಲಿ ಹದಿಮೂರು ಮನೆ, ಒಂದು ಪುಟ್ಟ ಪಳ್ಳಿ. ಪಳ್ಳಿ ಅಂದರೆ ಮಸೀದಿ. ಬಾವುಂಞಿ ಉಸ್ತಾದರು ನಲವತ್ತು ವರ್ಷದಿಂದ ಅಲ್ಲಿ ಇಮಾಮರಾಗಿ ನಮಾಜಿಗೆ ಮುಂದೆ ನಿಲ್ಲುತ್ತಿದ್ದರು. ಪಳ್ಳಿಯ ಪಕ್ಕದ ಕೋಣೆ ಬಿಟ್ಟರೆ ಅವರಿಗೆ ಬೇರೆ ಮನೆ ಇರಲಿಲ್ಲ.

ಶಿಷ್ಯ ಒಬ್ಬನೇ, ಇದ್ದಿನಬ್ಬ. ಹದಿನೈದರಲ್ಲಿ ಬಂದವನಿಗೆ ಈಗ ಇಪ್ಪತ್ತೆರಡು. ದೇವರು, ಮಲಕುಗಳೆಂಬ ದೇವದೂತರು, ಗ್ರಂಥಗಳು, ಪ್ರವಾದಿಗಳು, ಕೊನೆಯ ದಿನ, ವಿಧಿ, ಇವುಗಳ ಮೇಲಿನ ನಂಬಿಕೆಯನ್ನು ಅವನು ಪುಸ್ತಕದಲ್ಲಿ ಓದಿದ. ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಝೂವಿನಲ್ಲಿ ಹರಿಯುವ ನದಿಯ ನೀರನ್ನೂ ಪೋಲು ಮಾಡಬಾರದು, ಉಪವಾಸದ ದಿನ ನಾಲಿಗೆಯೂ ಉಪವಾಸ ಇರಬೇಕು ಎಂಬುದನ್ನು ಉಸ್ತಾದರನ್ನು ನೋಡಿ ಕಲಿತ.

ನಮಾಜಿನಲ್ಲಿ ಅವನ ಜಾಗ ಮೊದಲ ಸಾಲಿನ ನಡುವೆ, ಉಸ್ತಾದರ ಬೆನ್ನಿನ ಸರಿ ಹಿಂದೆ. ಆ ಜಾಗಕ್ಕೆ ಒಂದು ಕೆಲಸ ಇದೆ. ಮುಂದೆ ನಿಂತವರು ಮರೆತರೆ ಹಿಂದಿನವನು 'ಸುಬ್‌ಹಾನಲ್ಲಾಹ್' ಅನ್ನಬೇಕು. ದೇವರು ಪರಿಶುದ್ಧ ಎಂದು ಅದರ ಅರ್ಥ. ನಮಾಜಿನ ನಡುವೆ ಬೇರೆ ಮಾತು ಆಡುವ ಹಾಗಿಲ್ಲ, ಅಷ್ಟು ಕಿವಿಗೆ ಬಿದ್ದರೆ ಇಮಾಮರಿಗೆ ಎಲ್ಲೋ ತಪ್ಪಿತು ಎಂದು ತಿಳಿಯುತ್ತದೆ.

ಏಳು ವರ್ಷದಲ್ಲಿ ಇದ್ದಿನಬ್ಬನಿಗೆ ಆ ಮಾತು ಬೇಕಾಗಿಯೇ ಇರಲಿಲ್ಲ.

ಒಂದು ದಿನ ಅಸರಿನ ಹೊತ್ತು, ಅಂದರೆ ಬಿಸಿಲು ಇಳಿಯುವ ಹೊತ್ತಿನ ನಮಾಜು. ಕಡಲ ಭರತ ಏರಿ ನದಿ ತುಂಬುತ್ತಿತ್ತು. ನದಿಯ ಬೆಳಕು ಮಾಡಿನ ಹಲಗೆಯ ಮೇಲೆ ತೂಗುತ್ತಿತ್ತು. ನಿಂತವರಿಗೆಲ್ಲ ತಾವು ನೀರಿನ ತಳದಲ್ಲಿ ನಿಂತ ಹಾಗೆ ಒಂಥರಾ ಮಂಪರು.

ನಿಲ್ಲುವುದು, ಬಾಗುವುದು, ಎರಡು ಸಲ ಹಣೆ ನೆಲಕ್ಕೆ ಇಡುವುದು, ಇಷ್ಟಾದರೆ ಒಂದು ರಕಅತ್. ಅಸರಿಗೆ ಅಂಥವು ನಾಲ್ಕು, ಆಮೇಲೆ ಕೂತು ಸಲಾಂ ಹೇಳಿ ಮುಗಿಸುವುದು. ಓದುವುದೆಲ್ಲ ಮೌನದಲ್ಲಿ, ಹಾಗಾಗಿ ಲೆಕ್ಕ ಮನಸ್ಸಿನೊಳಗೇ ಇರಬೇಕು.

ಮೂರು ಆಗುತ್ತಲೇ ಉಸ್ತಾದರು ಕೂತುಬಿಟ್ಟರು.

ಈಗ ಇದ್ದಿನಬ್ಬ ಆ ಮಾತು ಅನ್ನಬೇಕಿತ್ತು. ಅನ್ನಲಿಲ್ಲ. ಉಸ್ತಾದರು ಬಲಕ್ಕೆ ತಿರುಗಿ ಸಲಾಂ ಹೇಳಿದರು, ಎಡಕ್ಕೆ ತಿರುಗಿ ಸಲಾಂ ಹೇಳಿದರು. ನಮಾಜು ಮುಗಿಯಿತು.

ಹಿಂದೆ ಇದ್ದ ಹನ್ನೊಂದು ಮಂದಿಯೂ ತಿರುಗಿ ಸಲಾಂ ಹೇಳಿದರು. ಒಬ್ಬೊಬ್ಬನಿಗೂ ಒಳಗೊಳಗೇ ಅನುಮಾನ, ಆದರೆ ತನ್ನ ಮೇಲೆ. ತೂಕಡಿಸಿದ್ದು ನಾನೇ ಇರಬೇಕು ಎಂದುಕೊಂಡು ಒಬ್ಬ ಎದ್ದ, ಇನ್ನೊಬ್ಬ ಕಣ್ಣುಜ್ಜಿಕೊಂಡ. ಆನೆ ನಡೆದದ್ದೇ ದಾರಿ ಅಲ್ಲವಾ.

ಎಲ್ಲ ಹೋದ ಮೇಲೆ ಇದ್ದಿನಬ್ಬ ಪಳ್ಳಿಯ ಕೆರೆಯ ಹಿಂದೆ ಚಾಪೆ ಹಾಸಿ ನಾಲ್ಕು ರಕಅತ್ ಒಬ್ಬನೇ ಮಾಡಿಕೊಂಡ. ಉಸ್ತಾದರಿಗೆ ಏನೂ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣ ಇತ್ತು. ಉಸ್ತಾದರಿಗೆ ವಯಸ್ಸಾಯಿತು, ಹೊಸಬರನ್ನು ತರುವುದಾ ಎಂದು ಪಳ್ಳಿಯ ಆಡಳಿತ ನೋಡುವ ಆಚೆ ದಡದ ಕಮಿಟಿಯವರು ಹಿಂದಿನ ವರ್ಷವೇ ಮಾತು ತೆಗೆದಿದ್ದರು. ಮರೆವು ಎಂಬ ಒಂದು ಸುದ್ದಿ ನೀರು ದಾಟಿದರೆ ಸಾಕು, ಆ ಕೋಣೆಗೆ ಬೀಗ ಬೀಳುತ್ತದೆ. ಇದ್ದಿನಬ್ಬನಿಗೆ ಅವರ ಮೇಲೆ ಹೆತ್ತ ಅಪ್ಪನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಪ್ರೀತಿ, ಸುಳ್ಳು ಯಾಕೆ ಹೇಳಲಿ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನು ಸುಮ್ಮನಾದ. ಮಾತು ಬೆಳ್ಳಿ ಮೌನ ಬಂಗಾರ ಎಂಬ ಗಾದೆ ಕಟ್ಟಿದವನು ನಮಾಜಿನ ಮೊದಲ ಸಾಲಿನಲ್ಲಿ ನಿಂತವನಲ್ಲ ಬಿಡಿ.

ನಾಲ್ಕು ದಿನ ಬಿಟ್ಟು ಮಧ್ಯಾಹ್ನದ ಲುಹರಿನಲ್ಲಿ ಮತ್ತೆ ಹಾಗೇ ಆಯಿತು. ಆಮೇಲೆ ಒಂದು ಅಸರಿನಲ್ಲಿ. ಇದ್ದಿನಬ್ಬ ಒಮ್ಮೆ ಸಣ್ಣಗೆ ಕೆಮ್ಮಿ ನೋಡಿದ. ಉಸ್ತಾದರು ನಮಾಜು ಮುಗಿಸಿ, ಮಗಾ, ನಿನಗೆ ಶೀತ ಆಗಿದೆ ಎಂದು ಕಾಳುಮೆಣಸಿನ ಕಷಾಯ ಕುದಿಸಿ ಎದುರು ಕೂತು ಕುಡಿಸಿದರು. ಕುಡಿಯುವಾಗ ಅವನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಅವರು ತಿಳಿದರು.

ಹೀಗೆ ಹದಿನೇಳು ದಿನ ಕಳೆಯಿತು. ಕೆಟ್ಟ ನಮಾಜು ಐದು. ಐದನ್ನೂ ಅವನು ಕೆರೆಯ ಹಿಂದೆ ಸರಿ ಮಾಡಿಕೊಂಡ, ತನ್ನದು ಮಾತ್ರ.

ಹದಿನೇಳನೆಯ ದಿನ ದೋಣಿಯ ಹಮ್ಮಬ್ಬ ಪಳ್ಳಿಯ ಮೆಟ್ಟಿಲಿಗೆ ಬಂದು ಕೂತ. ಕುದ್ರುವಿಗೂ ಆಚೆ ದಡಕ್ಕೂ ದೋಣಿ ನಡೆಸುವವನು ಅವನೊಬ್ಬನೇ. ಮಂಜು ಬಿದ್ದು ದಡ ಕಾಣದ ದಿನವೂ ಅವನ ದೋಣಿ ನಿಲ್ಲುತ್ತಿರಲಿಲ್ಲ. ಹುಟ್ಟಿನ ಏಟು ಎಣಿಸುತ್ತಾ ಹೋಗುತ್ತಿದ್ದ. ಇನ್ನೂರ ಹತ್ತು ಏಟಿಗೆ ದಡ.

ಅವನು ತಲೆ ಎತ್ತದೆ ಉಸ್ತಾದರಿಗೆ ಹೇಳಿದ. ಕೆಲವು ದಿನದಿಂದ ನಮಾಜಿನಲ್ಲಿ ನಾಲ್ಕು ಇರುವುದು ತನಗೆ ಮೂರಾಗಿ ಕಾಣುತ್ತಿದೆ, ನಿನ್ನೆಯೂ ಹಾಗೇ ಆಯಿತು, ಸೈತಾನನೋ ವಯಸ್ಸೋ ಗೊತ್ತಿಲ್ಲ, ಏನು ಪರಿಹಾರ ಎಂದ.

ಉಸ್ತಾದರು ಪಕ್ಕದಲ್ಲಿದ್ದ ಶಿಷ್ಯನ ಕಡೆ ತಿರುಗಿದರು.

"ಇದ್ದಿನಬ್ಬ, ನಿನ್ನೆ ನೀನು ಎಷ್ಟು ಎಣಿಸಿದೆ?"

ಒಂದು ಕಡೆ ಹಮ್ಮಬ್ಬ, ಒಂದು ಕಡೆ ಉಸ್ತಾದರು. ಬಿಸಿ ತುಪ್ಪ, ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು.

"ನಾಲ್ಕು, ಉಸ್ತಾದ್."

ಹಮ್ಮಬ್ಬ ಎದ್ದು ಮುಂಡು ಕೊಡವಿಕೊಂಡು ಹೋದ. ಉಸ್ತಾದರ ಮುಖ ಹಗುರಾಯಿತು. ಅದನ್ನು ನೋಡಿ ಇದ್ದಿನಬ್ಬನಿಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಮರುದಿನ ಬೆಳಿಗ್ಗೆ ಸುಬಹಿ ನಮಾಜಿಗೆ ಹಮ್ಮಬ್ಬ ಬರಲಿಲ್ಲ. ಹೊರಗೆ ಮಂಜು, ಕೈ ಚಾಚಿದರೆ ಕೈ ಕಾಣದಷ್ಟು. ಬಿಸಿಲು ಬರುವ ಹೊತ್ತಾದರೂ ಅದು ಕರಗಲಿಲ್ಲ. ಆಚೆ ದಡದಿಂದ ಯಾರೋ ದೋಣೀ ಎಂದು ಕೂಗುತ್ತಿದ್ದರು. ಈಚೆ ಹೆಂಗಸರು ಮರುವಾಯಿ ಚಿಪ್ಪಿನ ಬುಟ್ಟಿ ಹಿಡಿದು, ಹೊತ್ತಾದರೆ ಮಾರ್ಕೆಟ್ಟಿನಲ್ಲಿ ಇದನ್ನು ಮೂಸುವವರಿಲ್ಲ ಎಂದು ಬಯ್ಯುತ್ತಿದ್ದರು.

ಇದ್ದಿನಬ್ಬ ದೋಣಿ ಕಟ್ಟುವ ಕಡವಿಗೆ ಹೋದ. ದೋಣಿ ಗೂಟಕ್ಕೆ ಕಟ್ಟಿತ್ತು. ಹಮ್ಮಬ್ಬ ಅದರ ಪಕ್ಕ ಮಣ್ಣಲ್ಲಿ ಕೂತಿದ್ದ.

"ದೋಣಿ ಬಿಡುವುದಿಲ್ಲವಾ ಕಾಕಾ?"

"ನಾಲ್ಕು ಎಣಿಸಲಿಕ್ಕೆ ಆಗದವನು ಇನ್ನೂರ ಹತ್ತು ಹೇಗೆ ಎಣಿಸುವುದು ಮಗಾ? ನನ್ನನ್ನು ನಂಬಿ ಜನ ಹತ್ತಬಾರದು."

ಅವನ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದವು. ಇದ್ದಿನಬ್ಬನಿಗೆ ಅಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ. ಮಂಜಿನಲ್ಲಿ ಎಡವುತ್ತಾ ಪಳ್ಳಿಗೆ ಓಡಿದ.

ಉಸ್ತಾದರು ಕೆರೆಯ ಮೆಟ್ಟಿಲಲ್ಲಿ ಕೂತಿದ್ದರು. ಅವನು ಅವರ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿಬಿಟ್ಟ. ಹದಿನೇಳು ದಿನ, ಐದು ನಮಾಜು, ಕೆಮ್ಮು, ಕಮಿಟಿ, ನಿನ್ನೆಯ ಸುಳ್ಳು. ಮರೆವಿನ ಮಾತು ಬಂದಾಗ ಉಸ್ತಾದರ ಬೆರಳು ಗಡ್ಡದಲ್ಲಿ ನಿಂತಿತು. ಅವರಿಗೆ ನೋವಾಯಿತು. ಯಾರಿಗಾದರೂ ಆಗದೆ ಇರುತ್ತದಾ.

"ನಿನ್ನ ನಮಾಜು?" ಎಂದು ಕೇಳಿದರು.

"ನಾನು ಇಲ್ಲಿ ಹಿಂದುಗಡೆ ಮತ್ತೆ ಮಾಡಿದೆ."

"ಹಾಗಾದರೆ ದೋಣಿ ಮುಳುಗುವಾಗ ನೀನೊಬ್ಬ ಈಜಿ ದಡ ಸೇರಿದೆ."

ಉಸ್ತಾದರು ಅವನ ಭುಜ ಹಿಡಿದು ಎದ್ದರು, ಮೆಲ್ಲಗೆ ನಡೆದರು. ಕಡವಿಗೆ ಬಂದವರು ಯಾರನ್ನೂ ಕೇಳದೆ ದೋಣಿ ಹತ್ತಿ ಕೂತರು.

ಹಮ್ಮಬ್ಬ ಗಾಬರಿಯಿಂದ ಎದ್ದು, ಇವತ್ತು ಆಗುವುದಿಲ್ಲ ಉಸ್ತಾದ್, ನನ್ನ ಲೆಕ್ಕ ಸರಿ ಇಲ್ಲ ಎಂದ.

"ನಿನ್ನ ಲೆಕ್ಕ ಸರಿ ಇದೆ ಹಮ್ಮಬ್ಬ. ಮೂರೇ ಆದದ್ದು. ತಪ್ಪಿದ್ದು ನಾನು. ಹುಟ್ಟು ತೆಗೆದುಕೋ."

ಹಮ್ಮಬ್ಬ ಒಮ್ಮೆ ಅವರನ್ನು ನೋಡಿದ, ಒಮ್ಮೆ ಇದ್ದಿನಬ್ಬನನ್ನು ನೋಡಿದ. ಇದ್ದಿನಬ್ಬ ಕೈ ಮುಂದೆ ಚಾಚಿ ಕ್ಷಮೆ ಕೇಳಿದ. ಹಮ್ಮಬ್ಬ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ತಲೆ ಕೆಟ್ಟಿಲ್ಲ ಅಂತ ಹೇಳಿದೆಯಲ್ಲ ಮಾರಾಯ, ಅಷ್ಟು ಸಾಕು ಎಂದ. ಆಮೇಲೆ ದೋಣಿಯ ಹಗ್ಗ ಬಿಚ್ಚಿದ.

ದೋಣಿ ಬಿಳಿಯೊಳಗೆ ಹೋಯಿತು. ಮೇಲೆ ಆಕಾಶ ಇಲ್ಲ, ಕೆಳಗೆ ನೀರು ಇಲ್ಲ, ಎಲ್ಲ ಒಂದೇ ಮಂಜು. ಹಮ್ಮಬ್ಬನ ಎಣಿಕೆ ಮೊದಲು ನಡುಗುತ್ತಿತ್ತು, ಐವತ್ತು ದಾಟಿದ ಮೇಲೆ ನಿಂತ ನೆಲದ ಹಾಗೆ ಗಟ್ಟಿಯಾಯಿತು. ಉಸ್ತಾದರು ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದರು, ಸ್ವಲ್ಪ ನಿದ್ದೆಯನ್ನೂ ಮಾಡಿದರು. ಇನ್ನೂರ ಹತ್ತಕ್ಕೆ ದೋಣಿಯ ಮೂತಿ ಮರಳಿಗೆ ತಾಗಿತು.

ಆಚೆ ದಡದಲ್ಲಿ ಉಸ್ತಾದರಿಗೆ ಒಂದೇ ಕೆಲಸ ಇತ್ತು. ಕಾದು ನಿಂತವರ ನಡುವೆ ಕಮಿಟಿಯ ಒಬ್ಬರಿದ್ದರು. ಅವರ ಹತ್ತಿರ ಹೋಗಿ, ನನಗೆ ಮರೆವು ಶುರುವಾಗಿದೆ, ಇನ್ನು ನಾನು ಮುಂದೆ ನಿಲ್ಲುವುದಿಲ್ಲ, ಹುಡುಗ ಇದ್ದಾನೆ ಎಂದರು. ಆ ಮನುಷ್ಯ ತೊದಲಿ, ಕೋಣೆ ನಿಮ್ಮದೇ ಉಸ್ತಾದ್, ಅದರ ಮಾತು ಬೇಡ ಎಂದ. ಏಳು ವರ್ಷ ಓದಿದ ಶಿಷ್ಯ ಹದಿನೇಳು ದಿನ ಹೆದರಿದ್ದು ಇಷ್ಟಕ್ಕೆ.

ಮಧ್ಯಾಹ್ನ ನಮಾಜಿಗೆ ಕರೆಯುವ ಬಾಂಗ್ ಆಯಿತು, ಹನ್ನೊಂದು ಮಂದಿಯೂ ಸೇರಿದರು. ಉಸ್ತಾದರು ಎಲ್ಲರ ಎದುರು ನಿಂತು, ಇಂಥ ಇಂಥ ದಿನದ ಐದು ನಮಾಜು ನನ್ನ ಮರೆವಿನಿಂದ ಕೆಟ್ಟಿವೆ, ಅವನ್ನು ಮತ್ತೆ ಮಾಡಿ, ನನಗೆ ಕ್ಷಮೆ ಕೊಡಿ ಎಂದರು.

ಸಾಲಿನಲ್ಲಿ ಒಬ್ಬ ಮೆಲ್ಲಗೆ, ತೂಕಡಿಸಿದ್ದು ನಾನು ಅಂತಿದ್ದೆ ಎಂದ. ಪಕ್ಕದವನು, ನೀನಾ, ನಾನು ಅಂತಿದ್ದೆ ಎಂದ. ಹೀಗೆ ಅದು ಸಾಲಿನ ಕೊನೆಯ ತನಕ ಹೋಯಿತು. ಹದಿನೇಳು ದಿನ ಒಬ್ಬೊಬ್ಬನೂ ಒಬ್ಬೊಬ್ಬನೇ ಹೊತ್ತದ್ದನ್ನು ಎಲ್ಲರೂ ಕೆಳಗೆ ಇಟ್ಟರು.

ಉಸ್ತಾದರು ಇದ್ದಿನಬ್ಬನನ್ನು ಮುಂದಕ್ಕೆ ಕಳಿಸಿದರು. ಅವನ ಹಳೆಯ ಜಾಗದಲ್ಲಿ ಹಮ್ಮಬ್ಬನನ್ನು ನಿಲ್ಲಿಸಿದರು. ತಾವು ಹೋಗಿ ಸಾಲಿನ ತುದಿಯಲ್ಲಿ ನಿಂತರು.

ಇದ್ದಿನಬ್ಬ ಕಿಬ್ಲಾದ ಕಡೆ, ಅಂದರೆ ಮಕ್ಕಾದ ದಿಕ್ಕಿಗೆ ತಿರುಗಿ ಕೈ ಎತ್ತಿದ. ಮುಂದೆ ಗೋಡೆ, ಅದರ ಮೇಲೆ ನದಿಯ ಬೆಳಕು ತೂಗುತ್ತಿತ್ತು. ಹಿಂದೆ ಉಸ್ತಾದರು ಇದ್ದಾರೆ, ಉಸ್ತಾದರು ನೋಡುತ್ತಾರೆ, ಅವನ ತಲೆಯಲ್ಲಿ ಅದೊಂದೇ. ಬಾಗಿದ, ಎದ್ದ, ಹಣೆ ಇಟ್ಟ. ಮತ್ತೆ ಬಾಗಿದ. ತಾನು ಎಲ್ಲಿದ್ದೇನೆ ಎಂಬುದು ಅವನ ಕೈ ತಪ್ಪಿ ತೇಲಿಹೋಯಿತು.

ಮೂರು ಆಗುತ್ತಲೇ ಅವನೂ ಕೂತುಬಿಟ್ಟ.

"ಸುಬ್‌ಹಾನಲ್ಲಾಹ್."

ಹಮ್ಮಬ್ಬನ ದನಿ. ನದಿಯ ಆಚೆಗೆ ಕೂಗಿ ಕರೆಯುವ ದನಿ ಅದು, ಪಳ್ಳಿಯ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಇದ್ದಿನಬ್ಬ ಬೆಚ್ಚಿ ಎದ್ದು ನಿಂತ. ನಾಲ್ಕನೆಯದನ್ನು ಮಾಡಿದ. ಕೊನೆಗೆ, ಮರೆತವರು ಇಡಬೇಕಾದ ಎರಡು ಹೆಚ್ಚಿನ ಸುಜೂದ್ ಇಟ್ಟ. ಹಣೆ ಚಾಪೆಗೆ ತಾಗಿದಾಗ ತನಗೆ ನಾಚಿಕೆ ಆಗುತ್ತದೆ ಎಂದುಕೊಂಡಿದ್ದ. ಆದದ್ದು ನಾಚಿಕೆ ಅಲ್ಲ, ಯಾರೋ ಕೈ ಹಿಡಿದು ದಡಕ್ಕೆ ಎಳೆದ ಹಾಗೆ ಒಂದು ಹಗುರ. ಇದನ್ನು ತಾನು ಐದು ಸಲ ಉಸ್ತಾದರಿಗೆ ಕೊಡದೆ ಹೋದೆನಲ್ಲ ಎಂದು ಅವನಿಗೆ ಅಳು ಬಂತು.

ಜನ ಹೋದರು. ಮಂಜು ಹರಿದು, ನೀರು ಬೆಳ್ಳಗೆ ಹೊಳೆಯುತ್ತಿತ್ತು. ಗುರು ಶಿಷ್ಯ ಇಬ್ಬರೇ ಮೆಟ್ಟಿಲಲ್ಲಿ ಕೂತರು.

ಇದ್ದಿನಬ್ಬ ಕೇಳಿದ.

"ಉಸ್ತಾದ್, ನಿಮ್ಮ ಮರ್ಯಾದೆ ಉಳಿಸಬೇಕು ಅಂತ ಹೊರಟವನು ನಾನು. ತಪ್ಪಿದ್ದು ಎಲ್ಲಿ? ಸುಳ್ಳು ಹೇಳಿದಲ್ಲಿಯಾ?"

"ಅದಕ್ಕಿಂತ ಮೊದಲು."

"ಸುಮ್ಮನೆ ಇದ್ದಲ್ಲಿಯಾ?"

"ಅದಕ್ಕಿಂತಲೂ ಮೊದಲು," ಎಂದರು ಉಸ್ತಾದರು. "ಮರೆಯದವನು ದೇವರೊಬ್ಬನೇ ಇರುವುದು, ಇದ್ದಿನಬ್ಬ. ನೀನು ನನ್ನನ್ನು ಎರಡನೆಯವನಾಗಿ ಮಾಡಿದ್ದೆ."