ಮಲ್ಕವ್ವನ ಬಾಗಿಲಲ್ಲಿ ನಿಂತ ಚಟ್ಟ

ಕೇಳ್ರಪ್ಪಾ ಮಕ್ಕಳೇ, ಹತ್ತಿರ ಬಂದು ಕೂತು ಕೇಳಿ. ಒಬ್ಬ ರಾಜನ ಸೀಮೆಯಲ್ಲಿ ಒಂದು ನೇಕಾರರ ಕೇರಿ ಇತ್ತು. ಆ ಕೇರಿಗೆ ಪಂಪಣ್ಣ ಅಂತ ಒಬ್ಬ ಯಜಮಾನ. ರಾಜ ಬಹಳ ದೂರ ಇದ್ದ. ಯಜಮಾನ ಕೇರಿಯೊಳಗೇ ಇದ್ದ. ಜನ ಹೆದರುತ್ತಿದ್ದುದು ಯಜಮಾನನಿಗೆ.

ಆ ಕೇರಿಗೆ ಎರಡು ಕಟ್ಟಳೆ. ಯಜಮಾನ ಕೈ ಹಚ್ಚದೆ ಚಟ್ಟ ಏಳಬಾರದು. ಹೆಣ ಕೇರಿ ದಾಟುವ ತನಕ ಯಾರ ಮನೆಯಲ್ಲೂ ಒಲೆ ಉರಿಯಬಾರದು. ಸತ್ತವರ ಮೇಲಿನ ಮರ್ಯಾದೆಗೆ ಹಿರಿಯರು ಮಾಡಿದ್ದು. ಪಂಪಣ್ಣ ಅದನ್ನೇ ಉರುಳು ಮಾಡಿಕೊಂಡ. ಯಾರಾದರೂ ಸತ್ತರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಗಂಧದ ಕಟ್ಟಿಗೆ ತನ್ನಿ. ಪಟ್ಟೆ ಹೊದಿಸಿ. ಮೂರೂರಿಗೆ ಊಟ ಹಾಕಿ. ಆಮೇಲೆ ಕೈ ಹಚ್ತೀನಿ."

ಗಂಧ ಅವನ ಅಂಗಡಿಯದು. ಪಟ್ಟೆ ಅವನ ಅಂಗಡಿಯದು. ಅಕ್ಕಿ ಬೆಲ್ಲವೂ ಅವನ ಅಂಗಡಿಯದೇ.

ಆಗಲ್ಲ ಅಂದರೆ ಸುಮ್ಮನೆ ಜಗಲಿಯ ಮೇಲೆ ಕೂರುತ್ತಿದ್ದ. ಮಧ್ಯಾಹ್ನಕ್ಕೆ ಕೇರಿಯ ಕೂಸುಗಳು ಹಸಿದು ಅಳುತ್ತಿದ್ದವು. ನೆರೆಯವರೇ ಬಂದು, "ಒಪ್ಪಿಕೊಂಡುಬಿಡವ್ವಾ" ಅನ್ನುತ್ತಿದ್ದರು. ಪಂಪಣ್ಣ ಎಂದೂ ಚಾಟಿ ಹಿಡಿಯಲಿಲ್ಲ. ಹಸಿದ ನೆರೆಯವರೇ ಅವನ ಚಾಟಿ.

ಮೊದಲು ಹಂಪವ್ವನ ಅತ್ತೆ ಸತ್ತಳು. ಹಂಪವ್ವನ ಹಸು ಪಂಪಣ್ಣನ ಕೊಟ್ಟಿಗೆಗೆ ಹೋಯಿತು. ಆಮೇಲೆ ವಿರುಪಣ್ಣನ ಐದು ವರ್ಷದ ಮಗಳು ಸತ್ತಳು. ಆ ಪುಟ್ಟ ಹೆಣಕ್ಕೂ ಪಟ್ಟೆ ಬೇಕೆಂದ ಪಂಪಣ್ಣ. ಅದರ ಬೆಲೆಗೆ ಅವನ ಆಳುಗಳು ವಿರುಪಣ್ಣನ ಮಾಳಿಗೆಯ ತೊಲೆ ಕಿತ್ತು ಒಯ್ದರು. ಮೂರನೆಯವನಾಗಿ ಕೊಟ್ರಪ್ಪ ಸತ್ತ.

ಕೊಟ್ರಪ್ಪನ ಹೆಂಡತಿ ಮಲ್ಕವ್ವ. ಅವಳಿಗೆ ಉಳಿದದ್ದು ಒಂದು ಮಗ್ಗ, ಮೂರು ಹೆಣ್ಣುಮಕ್ಕಳು. ಮಗ್ಗ ಹೋದರೆ ಮಕ್ಕಳ ಕೈಗೆ ಭಿಕ್ಷೆಯ ತಟ್ಟೆ.

ಬೆಳಗಾಗುತ್ತಲೇ ಕೊಟ್ರಪ್ಪನ ಉಸಿರು ನಿಂತಿತು. ಅವತ್ತೇ ಪಂಪಣ್ಣನ ಮಗಳಿಗೆ ನಿಶ್ಚಯ ಇತ್ತು. ಮಲ್ಕವ್ವ ಅಳಲಿಲ್ಲ. ನೇರ ಹಂಪವ್ವನ ಮನೆಗೆ ಹೋದಳು.

"ಹಂಪವ್ವಕ್ಕಾ, ಇವತ್ತೊಂದು ದಿನ ಎಲ್ಲರೂ ಮಂಡಕ್ಕಿ ನೆನೆಸಿ ತಿನ್ನಿ. ನನ್ನ ಬಾಗಿಲಿಗೆ ಬಂದು ಒಪ್ಪಿಕೋ ಅನ್ನಬೇಡಿ. ಅಷ್ಟು ಸಾಕು."

"ನನ್ನ ಹಸು ಹೋದಾಗ ಒಪ್ಪಿಕೋ ಅಂತ ಮೊದಲು ಬಂದವಳು ನೀನೇ ಅಲ್ಲವೇನೇ?"

"ಹೌದಕ್ಕಾ. ತಪ್ಪು ಮಾಡಿದೆ."

ಹಂಪವ್ವ ಎದ್ದು ಒಳಗೆ ಹೋದಳು. ಆಮೇಲೆ ಮಂಡಕ್ಕಿ ಚೀಲ ತಲೆ ಮೇಲಿಟ್ಟುಕೊಂಡು ಕೇರಿಯ ಮನೆಮನೆಗೂ ಹಂಚಿ, ಮಲ್ಕವ್ವನ ಮಾತನ್ನೂ ಹೇಳಿ ಬಂದಳು.

ಪಂಪಣ್ಣ ಬಂದ. "ಗಂಧ, ಪಟ್ಟೆ, ಊಟ. ಇಲ್ಲಾಂದ್ರೆ ಮಗ್ಗ."

"ಅವಸರ ಇಲ್ಲ ಯಜಮಾನ್ರೇ. ನನ್ನ ಗಂಡ ಇನ್ಯಾವ ಸಂತೆಗೂ ಹೋಗಬೇಕಾಗಿಲ್ಲ."

ಪಂಪಣ್ಣ ಜಗಲಿಯ ಮೇಲೆ ಕೂತು ನೆರೆಯವರ ದಾರಿ ಕಾದ. ಯಾರೂ ಬರಲಿಲ್ಲ. ಬಂದವಳು ಅವನ ಹೆಂಡತಿ. "ರೀ, ಬೀಗರು ಹೊಳೆ ದಾಟಿದರಂತೆ! ಒಲೆ ತಣ್ಣಗಿದೆ!"

ಪಂಪಣ್ಣ ಎದ್ದು ನಿಂತ. "ಹೋಗಲಿ, ಪಟ್ಟೆ ಬೇಡ, ಊಟ ಬೇಡ. ಗಂಧ ಒಂದು ತಗೋ."

"ಅವಸರ ಇಲ್ಲ ಯಜಮಾನ್ರೇ."

ಬಿಸಿಲು ಜಗಲಿಗೇರಿತು. ಬಾಗಿಲಲ್ಲಿ ಚಟ್ಟದ ಮೇಲಿದ್ದ ಕೊಟ್ರಪ್ಪನ ಮುಖಕ್ಕೆ ನೊಣ ಮುತ್ತಿದವು. ಮಲ್ಕವ್ವ ಸೆರಗಿನಿಂದ ಬೀಸಿದಳು. "ಅಪ್ಪಗೆ ಸೆಕೆ ಆಗ್ತದೇನವ್ವಾ?" ಅಂತ ಕಿರಿಮಗಳು ಕೇಳಿದಳು. ಮಲ್ಕವ್ವ ಬೀಸುತ್ತಲೇ ಇದ್ದಳು.

ಬೀಗರ ಗಾಡಿಗಳು ಬಂದವು. ಹೆಣ ಇರುವ ಕೇರಿಗೆ ಕಾಲಿಡುವುದಿಲ್ಲ ಅಂತ ಕೇರಿಯ ಬಾಯಲ್ಲೇ ನಿಂತವು. ಗಾಡಿಗಳ ಹತ್ತಿರ ಹೋಗಿದ್ದ ಪಂಪಣ್ಣ ಮಲ್ಕವ್ವನ ಬಾಗಿಲಿಗೆ ಓಡಿ ಬಂದ.

"ಏನೂ ಬೇಡ ಕಣೇ! ಎತ್ತಿಸು!"

"ಇಲ್ಲ. ಬೀಗರಿಗೆ ಕೇಳುವ ಹಾಗೆ ಹೇಳಿ. ಈ ಕೇರಿಯಲ್ಲಿ ಯಾರೇ ಸಾಯಲಿ, ಮನೆಯಲ್ಲಿದ್ದ ಬಟ್ಟೆ, ಸಿಕ್ಕ ಕಟ್ಟಿಗೆ, ಕೈಲಾದ ಊಟ. ಏನೂ ಕೇಳದೆ ನೀವು ಕೈ ಹಚ್ಚಬೇಕು."

"ನನ್ನ ಮನೆ ಒಲೆ ನಾನು ಹಚ್ಚಿಸ್ತೀನಿ! ತಡಿಯೋನು ಯಾವನು?"

ವಿರುಪಣ್ಣ ಮುಂದೆ ಬಂದ. "ಹಚ್ಚಿಸಿ ಯಜಮಾನ್ರೇ. ಆ ಕಟ್ಟಳೆ ನೀವು ಮುರೀರಿ, ಈ ಕಟ್ಟಳೆ ನಾವು ಮುರೀತೀವಿ. ನಿಮ್ಮ ಕೈ ಇಲ್ಲದೇನೇ ಚಟ್ಟ ಎತ್ತುತ್ತೀವಿ. ಇವತ್ತೂ, ಮುಂದೂ."

ಪಂಪಣ್ಣ ಅತ್ತ ಬೀಗರ ಗಾಡಿ ನೋಡಿದ. ಇತ್ತ ಬಾಗಿಲು ಬಾಗಿಲಲ್ಲಿ ನಿಂತ ಜನ ನೋಡಿದ. ಮಲ್ಕವ್ವ ಕೇಳಿದ ಮಾತನ್ನು ಬೀಗರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. ಚಟ್ಟಕ್ಕೆ ಕೈ ಹಚ್ಚಿದ.

ಕೊಟ್ರಪ್ಪ ತಾನೇ ನೇಯ್ದ ನೂಲಿನ ಹೊದಿಕೆ ಹೊದ್ದು ಜಾಲಿ ಕಟ್ಟಿಗೆಯಲ್ಲಿ ಬೆಂದ. ಎಲ್ಲರ ಹಾಗೆ ಬೂದಿಯಾದ. ಮಲ್ಕವ್ವ ಅವತ್ತು ರಾತ್ರಿ ಅತ್ತಳು. ಹನ್ನೆರಡನೆಯ ದಿನ ಕಳೆದ ಮೇಲೆ ಮಗ್ಗಕ್ಕೆ ಕೂತಳು. ಹಂಪವ್ವನ ಹಸು ಮಾತ್ರ ವಾಪಸು ಬರಲಿಲ್ಲ. ವಿರುಪಣ್ಣ ಈಗಲೂ ಬಯಲಲ್ಲೇ ಮಲಗುತ್ತಾನೆ.

ನೀತಿ ಇಷ್ಟೇ, ನೆಟ್ಟಗೆ ಕೇಳಿಸಿಕೊಳ್ಳಿ. ಸತ್ತವರು ಪಟ್ಟೆ ಕೇಳುವುದಿಲ್ಲ. ಅವರ ಹೆಸರಲ್ಲಿ ಕೇಳುವವನು ಅಂಗಡಿ ಇಟ್ಟಿರುತ್ತಾನೆ. ಬದುಕಿದ ಮಕ್ಕಳ ಅನ್ನ ಕಿತ್ತು ಹೆಣಕ್ಕೆ ಮಾಡುವ ಮರ್ಯಾದೆಗೆ ಕಳ್ಳತನ ಅಂತ ಹೆಸರು. ನಾಳೆ ನಿಮ್ಮ ಪಕ್ಕದ ಮನೆಯಲ್ಲಿ ಸಾವಾದರೆ, ಒಪ್ಪಿಕೋ ಅನ್ನುವುದಕ್ಕೆ ಹೋಗಬೇಡಿ. ಮಂಡಕ್ಕಿ ತಗೊಂಡು ಹೋಗಿ.