ಬಿರಡೆಯ ಸದ್ದು

“ಬುದ್ಧಿ, ಹಿಂದೆ ಕೂತು ತಂಬೂರಿ ಮೀಟೋನಿಗೆ ತನ್ನದು ಅನ್ನೋದು ಏನಿದೆ?” ಎಂದು ಕೆಂಚಯ್ಯ ಗುರುಗಳನ್ನು ಕೇಳಿದ.

ಗುರುಗಳು ಆಗಷ್ಟೇ ಒಲೆಯ ಮೇಲೆ ಶುಂಠಿ ಕಷಾಯ ಇಟ್ಟಿದ್ದರು. ಅದು ಕೆಂಚಯ್ಯನಿಗೇ. ಮಠದಲ್ಲಿ ಸಂಜೆಯಾದರೆ ಗುರುಗಳು ತತ್ವಪದ ಹಾಡುತ್ತಿದ್ದರು, ಕೇಳಲು ಊರೇ ಬರುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಕೆಂಚಯ್ಯನಿಗೆ ಕೆಮ್ಮು. ಜೋರಾಗಿ ಕೆಮ್ಮುತ್ತ ತಂಬೂರಿ ಸರಿಮಾಡಿಕೊಂಡು ಆಮೇಲೆ ಸುಮ್ಮನಾಗುತ್ತಿದ್ದ. ಮಠಕ್ಕೆ ಬಂದ ಹೊಸದರಲ್ಲಿ ಈ ಕೆಮ್ಮು ಇರಲಿಲ್ಲ. ಗುರುಗಳಿಗೆ ವಯಸ್ಸಾದ ಮೇಲೆ ಶಿಷ್ಯನಿಗೆ ಹಿಡಿದದ್ದು. ಗುರುಗಳು ದಿನವೂ ಕಷಾಯ ಕಾಯಿಸಿ ಕೊಡುತ್ತಿದ್ದರು. ಅವನು ದಿನವೂ ಮುಖ ಕಿವುಚಿಕೊಂಡು ಕುಡಿಯುತ್ತಿದ್ದ.

ಅವನು ಕೇಳಿದ್ದು ಸುಮ್ಮನೆ ಅಲ್ಲ. ಹೊಳೆಯಾಚೆಯ ಊರಿನ ಭಜನೆ ಮನೆಯವರು ಅವನನ್ನು ಕರೆದಿದ್ದರು. ಅಲ್ಲಿ ಅವನೇ ಮುಂದೆ ಕೂತು ಹಾಡಬೇಕು. ತಂಬೂರಿ ಹಿಡಿಯಲು ಬೇರೆಯವರಿರುತ್ತಾರೆ. ನಾಳೆ ಬೆಳಗ್ಗೆ ಉತ್ತರ ಹೇಳಬೇಕಿತ್ತು. ಹೋಗಲು ಆಸೆಯಿತ್ತು, ಗುರುಗಳನ್ನು ಬಿಟ್ಟು ಹೋಗಲು ಕಾಲು ಬರುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ.

“ಎಲ್ಲಾ ಕಡೆ ವಿಚಾರಿಸ್ದೆ ಬುದ್ಧಿ,” ಎಂದ. “ಕರಾವಳಿಯ ಆಟ ನೋಡಿ ಬಂದೋರು ವೇಷದವರನ್ನ ಹೊಗಳ್ತಾರೆ, ಮದ್ದಳೆಯವನ ಹೆಸರು ಎತ್ತಲ್ಲ. ಬಡಗಣ ಸೀಮೆಯಲ್ಲಿ ಸಾರಂಗಿಯವನು ಹಾಡುಗಾರನ ನೆರಳಲ್ಲೇ ಕೂತಿರ್ತಾನಂತೆ. ಪರಂಗಿಯವರ ಇಗರ್ಜಿಯಲ್ಲಿ ಹಾಡಿಗೆ ಸ್ವರದ ಪೆಟ್ಟಿಗೆ ಬಾರಿಸೋನು ಜನಕ್ಕೆ ಬೆನ್ನು ಹಾಕ್ಕೊಂಡೇ ಬಾರಿಸ್ತಾನಂತೆ. ಲೋಕವೆಲ್ಲಾ ಹೀಗೇನಾ?”

ಗುರುಗಳು ಒಲೆಯ ಉರಿ ತಗ್ಗಿಸಿದರು. “ಕೂತ್ಕೋ, ಒಂದು ಕತೆ ಹೇಳ್ತೀನಿ,” ಎಂದರು. ಕೆಂಚಯ್ಯನಿಗೆ ಬೇಕಿದ್ದುದು ಉತ್ತರ, ಸಿಕ್ಕಿದ್ದು ಕತೆ. ಆದರೂ ಕೂತ.

ಒಂದು ಊರಿನಲ್ಲಿ ಒಬ್ಬ ಹಾಡುಗಾರನಿದ್ದ. ಅವನಿಗೊಬ್ಬ ತಂಬೂರಿಯವನಿದ್ದ. ಇಬ್ಬರೂ ಮೀಸೆ ಚಿಗುರುವ ಮೊದಲೇ ಜೊತೆಯಾದವರು. ಹಾಡುಗಾರ ತಂಬೂರಿಯನ್ನು ಮುಟ್ಟುತ್ತಿರಲಿಲ್ಲ. ಶ್ರುತಿ ಹಿಡಿಯುವುದು ಅವನ ಕೆಲಸ, ಆ ಶ್ರುತಿಯಲ್ಲಿ ನಿಂತು ಹಾಡುವುದು ನನ್ನ ಕೆಲಸ ಎನ್ನುತ್ತಿದ್ದ. ಅವನು ಹಾಡುವಷ್ಟು ಎತ್ತರದ ಶ್ರುತಿಯಲ್ಲಿ ಆ ಸೀಮೆಯ ಇನ್ನೊಬ್ಬ ಹಾಡುತ್ತಿರಲಿಲ್ಲ. ಅದೇ ಅವನ ಹೆಸರು, ಅದೇ ಅವನ ಅನ್ನ.

ವಯಸ್ಸು ಯಾರನ್ನು ಬಿಟ್ಟೀತು? ಒಂದು ಸಂಜೆ ಮೇಲಿನ ಸ್ವರಕ್ಕೆ ಹೋದಾಗ ಅವನ ದನಿ ಕೂದಲೆಳೆಯಷ್ಟು ಒಡೆಯಿತು. ಮುಂದೆ ಕೂತ ಜನಕ್ಕೆ ಗೊತ್ತಾಗಲಿಲ್ಲ. ಹಿಂದೆ ಕೂತವನಿಗೆ ಗೊತ್ತಾಯಿತು. ಮರುದಿನ ತಂಬೂರಿಯವನು ತಂತಿ ಬಿಗಿಯುವ ಬಿರಡೆಯನ್ನು ಒಂದಿಷ್ಟು ಸಡಿಲಿಸಿದ. ಶ್ರುತಿ ಕೊಂಚ ಇಳಿಯಿತು. ಹಾಡುಗಾರ ಸಲೀಸಾಗಿ ಹಾಡಿದ.

ಇಲ್ಲಿಗೆ ಬಂದಾಗ ಕೆಂಚಯ್ಯ ತನ್ನ ಕಾಲ್ಬೆರಳು ನೋಡಿಕೊಂಡ. ಗುರುಗಳು ಒಲೆಯ ಕಡೆ ನೋಡುತ್ತ ಕತೆ ಮುಂದುವರಿಸಿದರು.

ಬಿರಡೆ ತಿರುಗಿಸಿದರೆ ಕಿರ್ರೆನ್ನುತ್ತದೆ. ಹಾಡುಗಾರನ ಕಿವಿ ಚುರುಕು. ಅದಕ್ಕೇ ತಂಬೂರಿಯವನು ಬಿರಡೆಗೆ ಕೈ ಹಾಕಿದಾಗಲೆಲ್ಲ ಗಟ್ಟಿಯಾಗಿ, “ಊಟಕ್ಕೆ ಏನಿತ್ತಣ್ಣ?” ಎಂದು ಕೇಳುತ್ತಿದ್ದ. ಹಾಡುಗಾರ ಹುಳಿ, ಪಲ್ಯ, ಉಪ್ಪಿನಕಾಯಿ ಎಂದು ಸಾವಕಾಶವಾಗಿ ವರದಿ ಒಪ್ಪಿಸುತ್ತಿದ್ದ. ಅವನು ಮಜ್ಜಿಗೆಗೆ ಬರುವಷ್ಟರಲ್ಲಿ ಇವನ ಕೆಲಸ ಮುಗಿದಿರುತ್ತಿತ್ತು.

ವರ್ಷಗಳು ಕಳೆದವು. ಗಂಟಲು ಇಳಿದಂತೆಲ್ಲ ಶ್ರುತಿ ಇಳಿಯಿತು. ಹಾಡುಗಾರನ ಜಂಬ ಮಾತ್ರ ಇಳಿಯಲಿಲ್ಲ. “ನನ್ನ ತಲೆ ನರೆತಿದೆ, ಗಂಟಲು ನರೆತಿಲ್ಲ,” ಎಂದು ಸಿಕ್ಕಸಿಕ್ಕವರೆದುರು ಕೊಚ್ಚಿಕೊಳ್ಳುತ್ತಿದ್ದ. ತಂಬೂರಿಯವನು ಹಿಂದೆ ಕೂತು ಹೌದೌದೆಂದು ತಲೆಯಾಡಿಸುತ್ತಿದ್ದ. ಅದರಲ್ಲಿ ಅವನಿಗೆ ಯಾರಿಗೂ ಹೇಳಲಾಗದ ಸಂತೋಷವಿತ್ತು.

ಹೀಗಿರಲು ಒಬ್ಬ ವ್ಯಾಪಾರಿ ತನ್ನ ಮಗಳ ಮದುವೆಗೆ ಹಾಡುಗಾರನನ್ನು ಕರೆಸಿದ. ಸಭೆಗೆ ಹೊಸದೇನಾದರೂ ಇರಲಿ ಎಂದು ದೂರದ ನಾಡಿನಿಂದ ಒಬ್ಬ ಕೊಳಲಿನವನನ್ನೂ ಕರೆಸಿದ. ಅವನಿಗೆ ಇಲ್ಲಿಯ ಮಾತು ಬಾರದು. ಹಾಡುಗಾರನ ಹೆಸರಾದ ಎತ್ತರದ ಶ್ರುತಿಯನ್ನು ವ್ಯಾಪಾರಿಯ ಕಡೆಯವರು ಮೊದಲೇ ತಿಳಿಸಿದ್ದರಿಂದ, ತನ್ನ ಕೊಳಲುಗಳಲ್ಲಿ ಅದಕ್ಕೆ ಹೊಂದುವುದನ್ನೇ ಆರಿಸಿ ಹಿಡಿದಿದ್ದ. ತಂತಿಯನ್ನಾದರೆ ಸಡಿಲಿಸಬಹುದು. ಬಿದಿರಿಗೆ ಕೊರೆದ ತೂತನ್ನು ಸಡಿಲಿಸಲಾಗುತ್ತದೆಯೇ?

ತಂಬೂರಿ ಇಳಿದ ಶ್ರುತಿಯಲ್ಲಿ ಮಿಡಿಯುತ್ತಿದ್ದರೆ ಅವನು ಎತ್ತರದಲ್ಲಿ ಊದಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಂಗೀತ ತಿಳಿಯದವರೂ ಹುಬ್ಬು ಗಂಟಿಕ್ಕಿದರು.

ತಂಬೂರಿಯವನು ಬಿರಡೆಗೆ ಕೈ ಹಾಕಿ ಹಾಗೇ ಹಿಂತೆಗೆದ. ಶ್ರುತಿ ಏರಿಸಿದರೆ ತುಂಬಿದ ಸಭೆಯಲ್ಲಿ ಹಾಡುಗಾರನ ದನಿ ಒಡೆಯುತ್ತದೆ. ಏರಿಸದಿದ್ದರೆ, ಈ ಗಂಟಲು ಇಳಿದು ಎಷ್ಟೋ ಕಾಲವಾಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಅವನು ಎದ್ದು ಕೈಮುಗಿದ.

“ತಪ್ಪು ನಂದು. ನನ್ನ ಕಿವಿ ಮಂದವಾಗಿದೆ. ತಂತಿ ಬೇರೆ ಹಳೇದು, ಈಗ ಬಿಗಿದರೆ ಕಿತ್ತು ಹೋಗುತ್ತೆ. ಇವತ್ತೊಂದು ದಿನ ಇದರಲ್ಲೇ ನಡೆಸಿಕೊಡಿ,” ಎಂದ.

ಸಭೆ ನಕ್ಕಿತು. “ಕಿವುಡನ ಕೈಗೆ ತಂಬೂರಿ ಕೊಟ್ಟವರಾರು? ಇವನನ್ನು ಎಬ್ಬಿಸಿ, ಬೇರೆಯವರನ್ನು ಕೂರಿಸಿ,” ಎಂದ ವ್ಯಾಪಾರಿ.

ಹಾಡುಗಾರ ಕೂತಲ್ಲಿಂದ ಕದಲಲಿಲ್ಲ. “ಇವನು ಮೀಟಿದ್ದೇ ನನ್ನ ಶ್ರುತಿ. ಇವನು ಎದ್ದರೆ ನಾನೂ ಎದ್ದೆ,” ಎಂದ. ಅವನ ದನಿಯಲ್ಲಿ ಸಿಟ್ಟಿತ್ತು.

ಕೊಳಲಿನವನಿಗೆ ಮಾತು ಅರ್ಥವಾಗಲಿಲ್ಲ. ಆದರೆ ಅವನೂ ತನ್ನ ನಾಡಿನಲ್ಲಿ ಹಾಡುಗಾರರ ಪಕ್ಕ ಕೂತು ಮುದುಕನಾದವನೇ. ಇಬ್ಬರ ಮುಖವನ್ನೂ ಒಮ್ಮೆ ನೋಡಿದ. ಕೈಯಲ್ಲಿದ್ದ ಕೊಳಲನ್ನು ಚೀಲಕ್ಕೆ ಹಾಕಿ, ಅದಕ್ಕಿಂತ ಉದ್ದನೆಯ, ತಗ್ಗು ದನಿಯ ಇನ್ನೊಂದನ್ನು ತೆಗೆದು ತುಟಿಗಿಟ್ಟ. ಹಾಲಿಗೆ ಸಕ್ಕರೆ ಬಿದ್ದಂತಾಯಿತು. ಹಾಡುಗಾರ ಹಾಡಿದ. ಮದುವೆಯವರು ಊಟಕ್ಕೆ ಏಳುವುದನ್ನೇ ಮರೆತರು.

ಗಾಡಿಯಲ್ಲಿ ಊರಿಗೆ ಮರಳುವಾಗ ತಂಬೂರಿಯವನು ತಲೆ ತಗ್ಗಿಸಿ ಕೂತಿದ್ದ. “ಅಣ್ಣ, ಇಷ್ಟು ವರ್ಷ ನಿಮಗೆ ಹೇಳದೆ ಶ್ರುತಿ ಇಳಿಸ್ತಾ ಬಂದೆ,” ಎಂದ.

ಹಾಡುಗಾರ ನಕ್ಕುಬಿಟ್ಟ. “ಶಿವರಾತ್ರಿ ಉಪವಾಸದ ದಿನವೂ ಊಟಕ್ಕೆ ಏನಿತ್ತಣ್ಣ ಅಂತ ಕೇಳ್ತಿದ್ದೆಯಲ್ಲೋ! ನಾನೂ ಹುಳಿ, ಪಲ್ಯ, ಉಪ್ಪಿನಕಾಯಿ ಅಂತ ಹೇಳ್ತಿರಲಿಲ್ಲವಾ?”

ತಂಬೂರಿಯವನು ಬಾಯಿ ಬಿಟ್ಟುಕೊಂಡು ನೋಡಿದ. “ಗೊತ್ತಿತ್ತಾ? ಮತ್ತೆ ಊರ ತುಂಬಾ ಆ ಜಂಬ?”

“ನನಗೆ ಗೊತ್ತು ಅಂತ ನಿನಗೆ ಗೊತ್ತಾದರೆ ನಿನ್ನ ಕೈ ನಡುಗುತ್ತೆ. ನಿನ್ನ ಕೈ ನಡುಗಿದರೆ ನಾನು ಎಲ್ಲಿ ನಿಂತು ಹಾಡಲಿ? ಅದಕ್ಕೇ ಕೊಚ್ಚಿಕೊಂಡೆ,” ಎಂದ ಹಾಡುಗಾರ. ಆಮೇಲೆ ಊರು ಬರುವ ತನಕ ಗೆಳೆಯನ ಹೆಗಲ ಮೇಲಿಂದ ಕೈ ತೆಗೆಯಲಿಲ್ಲ.

ಕತೆ ಮುಗಿಯಿತು. ಕಷಾಯ ಕುದಿಯುತ್ತಿತ್ತು. ಕೆಂಚಯ್ಯ, “ಹಾಗಾದರೆ ಬುದ್ಧಿ, ಆ ಇಬ್ಬರಲ್ಲಿ ಹಿಂದೆ ಕೂತೋನು ಯಾರು?” ಎಂದು ಕೇಳಿದ.

ಗುರುಗಳು ಪಾತ್ರೆಯನ್ನು ಒಲೆಯಿಂದ ಇಳಿಸಿದರು. ಕಷಾಯವನ್ನು ಲೋಟಕ್ಕೆ ಬಗ್ಗಿಸಿ, ಆರಿಸಿ, ಅವನ ಕೈಗೆ ಕೊಟ್ಟರು.

“ಹೋಗೋದಾದರೆ ಹರಸಿ ಕಳಿಸ್ತೀನಿ, ಇರೋದಾದರೆ ಇವತ್ತಿನಿಂದ ಕೆಮ್ಮದೇ ಬಿರಡೆ ತಿರುಗಿಸು ಮಗ, ಕಷಾಯ ಕಾಯಿಸಿ ಕಾಯಿಸಿ ನನಗೂ ಸಾಕಾಗಿದೆ.”